ಸಾಮಾನ್ಯ ಬಾತಿಗೂ ಲೆಕ್ಕವಿರಲಿ

ಚೆನ್ನೈನ ಐಟಿ ಕಾರಿಡಾರ್‌ಗೆ ಅಂಟಿಕೊಂಡಿರುವ ಪಳ್ಳಿಕರಣೈ ಜೌಗು ಪ್ರದೇಶಕ್ಕೆ ನವೆಂಬರ್‌ನಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ಅಪರೂಪದ್ದೊಂದು ಕಂಡಿತೆಂದು ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿಯಾದರೆ ಸಾಕು, ರಸ್ತೆಬದಿ ಕ್ಯಾಮೆರಾಗಳ ಸಾಲು. ಪಕ್ಕದಲ್ಲೇ ತೇಲುವ ಸೂಜಿಬಾಲದ ಬಾತು, ಚಲುಕದ ಬಾತುಗಳನ್ನು ಎಣಿಸುವವರು ವಿರಳ.

ಜೌಗು ಉಳಿಯಲು ಬೇಕಿರುವುದು ಆ ಎಣಿಕೆಯೇ. ಕಸ, ಕಟ್ಟಡ, ರಸ್ತೆಗಳ ನಡುವೆ ಕುಗ್ಗಿದ ಪಳ್ಳಿಕರಣೈಗೆ 2022ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿತು. ನಿಯಮಿತವಾಗಿ 20,000 ನೀರುಹಕ್ಕಿಗಳಿಗೆ ನೆಲೆಯಾಗಿರುವುದು ಆ ಮಾನ್ಯತೆಯ ಮಾನದಂಡಗಳಲ್ಲೊಂದು. ಲೆಕ್ಕವೇ ಇಲ್ಲದಿದ್ದರೆ, ‘ಇದು ಖಾಲಿ ಜಾಗ’ ಎನ್ನುವವರಿಗೆ ಏನು ಉತ್ತರ?

ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುವ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ 2024ರಲ್ಲಿ ಅದೇ ಮಾನ್ಯತೆ ಬಂದಿದೆ. ನಿಮ್ಮೂರ ಕೆರೆಗೆ ಅಂಥ ಹೆಸರಿಲ್ಲದಿರಬಹುದು. ಫೋಟೊ ತೆಗೆಯಿರಿ, ಜೊತೆಗೆ ಎಣಿಸಿ, ಇ-ಬರ್ಡ್‌ನಲ್ಲಿ ದಾಖಲಿಸಿ.