ಸಂಬಳ 21,000 ದಾಟಿದವರ ಕಾಯಿಲೆಗೆ ಯಾರು ಹೊಣೆ?

ಮಾನ್ಯ ಆರೋಗ್ಯ ಸಚಿವರಿಗೆ,

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವಳು. ಹಾಗಾಗಿ ನನ್ನ ದೂರಿನಲ್ಲೂ ಅಂಕಿಗಳೇ ಹೆಚ್ಚಿವೆ, ದಯವಿಟ್ಟು ಪೂರ್ತಿ ಓದಬೇಕು.

ಎಲ್ಲರ ಚಿಕಿತ್ಸೆಗೂ ಒಂದೇ ಬೊಕ್ಕಸದಿಂದ ಹಣ ಕಟ್ಟುವ ವ್ಯವಸ್ಥೆ ನಮ್ಮಂಥ ದೇಶಕ್ಕೆ ಎಟುಕುವುದಿಲ್ಲ, ಅದರ ತೆರಿಗೆಯ ಭಾರ ಸಾಮಾನ್ಯ ಕುಟುಂಬಗಳು ತಾಳಲಾರವು ಎಂದು ದೊಡ್ಡವರು ಹೇಳುವುದನ್ನು ಕೇಳಿದ್ದೇನೆ. ಸಾಮಾನ್ಯ ಕುಟುಂಬ ಅಂದರೆ ನಮ್ಮದೇ ತಾನೆ? ನಮ್ಮ ಲೆಕ್ಕ ಬೇರೆಯೇ ಇದೆ.

ಕೆಲ ವರ್ಷಗಳ ಹಿಂದಿನವರೆಗೂ ನಾನು ಕಾರ್ಮಿಕರ ರಾಜ್ಯ ವಿಮೆಯಾದ ಇಎಸ್‌ಐನಲ್ಲಿದ್ದೆ. ಅಲ್ಲಿ ಕಾರ್ಮಿಕರ ವಂತಿಗೆ ಸಂಬಳದ ಶೇ 0.75, ಮಾಲೀಕರದ್ದು ಶೇ 3.25. ತಿಂಗಳಿಗೆ 20,000 ದುಡಿಯುವವರಿಂದ 150 ರೂಪಾಯಿ, ಮಾಲೀಕರಿಂದ 650. ಈ 800 ರೂಪಾಯಿಯಲ್ಲಿ ಗಂಡ, ಮಕ್ಕಳು ಎಲ್ಲರಿಗೂ ಡಾಕ್ಟರು, ಮಾತ್ರೆ, ಆಸ್ಪತ್ರೆ ವಾಸ, ಆಪರೇಷನ್. ಚಿಕಿತ್ಸೆಯ ಖರ್ಚಿಗೆ ಇಷ್ಟೇ ಎಂಬ ಮಿತಿ ಇಲ್ಲ. ಇಎಸ್‌ಐ ಡಿಸ್ಪೆನ್ಸರಿಗಳ ಸರತಿ ಸಾಲು, 'ಸ್ಟಾಕ್ ಇಲ್ಲ' ಎಂಬ ಉತ್ತರ ಯಾರಿಗೆ ಗೊತ್ತಿಲ್ಲ? ಆದರೂ ದೊಡ್ಡ ಕಾಯಿಲೆ ಬಂದರೆ ಸಾಲ ಮಾಡಬೇಕಿಲ್ಲ ಎಂಬ ಧೈರ್ಯವೊಂದಿತ್ತು.

ಆಮೇಲೆ ಇನ್‌ಕ್ರಿಮೆಂಟ್ ಬಂತು. ಸಂಬಳ 21,000 ದಾಟಿತು. 2017ರ ಜನವರಿಯಲ್ಲಿ ನಿಗದಿಯಾದ ಮಿತಿ ಅದು. ಅದರಾಚೆ ಹೋದವರು ಆ ವಂತಿಗೆ ಅವಧಿ ಮುಗಿದ ಮೇಲೆ ಇಎಸ್‌ಐನಿಂದ ಹೊರಗೆ. ಸಂಬಳ ಏರಿದ್ದಕ್ಕೆ ಆಫೀಸಿನಲ್ಲಿ ಸಿಹಿ ಹಂಚಿದವಳು ನಾನೇ.

ಉಚಿತ ಚಿಕಿತ್ಸೆ ಸಿಗುವ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ಮೀರಬಾರದು. ನಾವು ಮೀರಿದ್ದೇವೆ. ಯಶಸ್ವಿನಿ ಆರೋಗ್ಯ ಯೋಜನೆಗೆ ಸಹಕಾರ ಸಂಘದ ಸದಸ್ಯತ್ವ ಬೇಕು, ನಮ್ಮ ಬೀದಿಯಲ್ಲಿ ಅದು ಯಾರಿಗಿದೆ? ಖಾಸಗಿ ವಿಮೆ ಮಾಡಿಸೋಣವೆಂದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಪ್ರೀಮಿಯಂ ಅಂತೂ ವಯಸ್ಸಿನ ಜತೆಗೇ ಏರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಅದರ ಮೇಲಿನ ಶೇ 18ರ ಜಿಎಸ್‌ಟಿ ತೆಗೆದರು. ಒಳ್ಳೆಯದೇ, ಆದರೆ ತೆರಿಗೆ ಕಳೆದರೂ ಉಳಿದ ಮೊತ್ತ ನಮಗೆ ದೊಡ್ಡದೇ.

ಉಳಿದದ್ದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. 2018ರ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಬಡತನ ರೇಖೆಗಿಂತ ಮೇಲಿನ, ನಮ್ಮಂಥ ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಶೇ 30, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಈ ಶೇ 30 ಯಾವುದರ ಮೇಲೆ ಎಂಬುದನ್ನು ದಯವಿಟ್ಟು ಗಮನಿಸಿ. ಅದು ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಮೇಲೆ, ಆಸ್ಪತ್ರೆ ನಮ್ಮ ಕೈಗಿಡುವ ಬಿಲ್ಲಿನ ಮೇಲಲ್ಲ. ನಮ್ಮ ಮನೆಯವರಿಗೆ ಒಂದು ರಾತ್ರಿ ಎದೆನೋವು ಬಂದು ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು, ಸ್ಟೆಂಟ್ ಹಾಕಿದರು. ಜೀವ ಉಳಿಯಿತು, ಅದಕ್ಕೆ ಆ ಡಾಕ್ಟರುಗಳಿಗೆ ಋಣಿ. ಬಿಲ್ಲು ಎರಡು ಲಕ್ಷದ ಹತ್ತಿರ ಬಂತು, ಯೋಜನೆಯಿಂದ ಸಿಕ್ಕದ್ದು ಇಪ್ಪತ್ತು ಸಾವಿರದ ಆಸುಪಾಸು. ಮಿಕ್ಕಿದ್ದಕ್ಕೆ ಒಡವೆ ಅಡವಿಟ್ಟೆ, ಅಣ್ಣನ ಹತ್ತಿರ ಕೈಗಡ ತಂದೆ. ಈಗ ಪ್ರತಿ ತಿಂಗಳ ಮಾತ್ರೆ, ರಕ್ತಪರೀಕ್ಷೆ, ಡಾಕ್ಟರ್ ಫೀಸು ಎಲ್ಲ ಜೇಬಿನಿಂದಲೇ. ಮನೆಯಲ್ಲಿದ್ದುಕೊಂಡು ವರ್ಷಾನುಗಟ್ಟಲೆ ನುಂಗುವ ಮಾತ್ರೆ ಈ ಯೋಜನೆಯ ಲೆಕ್ಕದಲ್ಲೇ ಇಲ್ಲ.

ರೇಷನ್ ಕಾರ್ಡಿನ ಬಣ್ಣಕ್ಕೆ ಹೃದಯದ ಚಿಕಿತ್ಸೆಯನ್ನು ಗಂಟು ಹಾಕಿದ್ದು ನನಗೆ ಇಂದಿಗೂ ಅರ್ಥವಾಗಿಲ್ಲ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ಎಪಿಎಲ್ ಆದವೆಂದು ರಾಜ್ಯದಲ್ಲಿ ಗದ್ದಲವೆದ್ದಾಗ ಎಲ್ಲರೂ ಅಕ್ಕಿಯ ಮಾತನ್ನೇ ಆಡಿದರು. ಕಾರ್ಡು ಬದಲಾದ ಮನೆಯಲ್ಲಿ ಡಯಾಲಿಸಿಸ್‌ನವರೋ ಕ್ಯಾನ್ಸರ್‌ನವರೋ ಇದ್ದರೆ ಅವರ ಗತಿಯೇನೆಂದು ಕೇಳಿದವರು ಕಡಿಮೆ.

ದುಡ್ಡು ಎಲ್ಲಿಂದ ಬರಬೇಕು ಎನ್ನುತ್ತೀರಿ. ದುಡ್ಡು ಈಗಲೂ ಹೋಗುತ್ತಲೇ ಇದೆಯಲ್ಲ ಸ್ವಾಮಿ! ಕೇಂದ್ರದ್ದೇ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ 39.4ರಷ್ಟನ್ನು ಜನ ನೇರವಾಗಿ ಕೈಯಿಂದ ಕೊಟ್ಟಿದ್ದಾರೆ. ಅದೂ ಕಾಯಿಲೆ ಬಿದ್ದ ಹೊತ್ತಿನಲ್ಲಿ, ದುಡಿಮೆ ನಿಂತ ಹೊತ್ತಿನಲ್ಲಿ.

ಇದೇ ದುಡ್ಡನ್ನು ಕಾಯಿಲೆಗೆ ಮೊದಲೇ ವಂತಿಗೆಯಾಗಿ ಕೂಡಿಸಬಹುದು. ತೈವಾನ್ 1995ರ ಮಾರ್ಚ್‌ನಲ್ಲಿ ಕಾರ್ಮಿಕರದ್ದು, ಸರ್ಕಾರಿ ನೌಕರರದ್ದು, ರೈತರದ್ದು ಎಂದು ಬೇರೆ ಬೇರೆ ಇದ್ದ ಆರೋಗ್ಯ ವಿಮೆಗಳನ್ನು ಒಂದೇ ಖಾತೆಗೆ ತಂದಿತು. ಅಲ್ಲೀಗ ವಂತಿಗೆ ಸಂಬಳದ ಶೇ 5.17, ನೌಕರರಾದರೆ ಅದರಲ್ಲಿ ಅವರ ಪಾಲು ಶೇ 30, ಮಾಲೀಕರದ್ದು 60, ಸರ್ಕಾರದ್ದು 10. ಅವಲಂಬಿತರಿಗೆ ತಲಾ ಅಷ್ಟೇ ಸೇರುತ್ತದೆ, ಮೂವರಿಗಿಂತ ಹೆಚ್ಚಿನವರಿಗೆ ಇಲ್ಲ. ಈ ಲೆಕ್ಕದಲ್ಲಿ 24,000 ಸಂಬಳದ ನಾಲ್ವರ ಮನೆ ತಿಂಗಳಿಗೆ ಸುಮಾರು 1,490 ರೂಪಾಯಿ ಕಟ್ಟಬೇಕು. ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಮನೆಯವರ ಮಾತ್ರೆ, ಪರೀಕ್ಷೆಗಳಿಗೆ ಈಗ ಹೋಗುತ್ತಿರುವುದೇ ಅದಕ್ಕಿಂತ ಹೆಚ್ಚು, ಸಾಲದ ಕಂತು ಬೇರೆ.

ಮಾಲೀಕರೇ ಇಲ್ಲದ ಸೊಪ್ಪು ಮಾರುವವರು, ಮನೆಗೆಲಸದವರು ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. 2003ರಲ್ಲಿ ಯಶಸ್ವಿನಿ ಶುರುವಾದಾಗ ರೈತರು ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿದರು, ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಇಷ್ಟು ರೋಗಿಗಳ ಪರವಾಗಿ ಒಬ್ಬರೇ ಚೌಕಾಸಿಗೆ ಕೂತದ್ದರಿಂದ ಆಸ್ಪತ್ರೆಗಳೂ ಕಡಿಮೆ ದರಕ್ಕೆ ಒಪ್ಪಿದವು. ಬೆಲೆ ಇಳಿಸುವುದು ಆಗದ ಮಾತೂ ಅಲ್ಲ. ಲಕ್ಷ ದಾಟಿದ್ದ ಔಷಧ ಲೇಪಿತ ಸ್ಟೆಂಟಿನ ಬೆಲೆ 2017ರ ಫೆಬ್ರುವರಿಯಲ್ಲಿ ಒಂದೇ ಆದೇಶಕ್ಕೆ 30,000ದ ಒಳಗೆ ಬಂತು.

ಎಚ್ಚರಿಕೆಯ ಮಾತೊಂದಿದೆ. ಆಸ್ಪತ್ರೆಗಳಿಗೆ ಹಣ ತಡವಾಗಿ ಕೊಟ್ಟರೆ ಅವು ರೋಗಿಯನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತವೆ, ಆಗ ಯಾವ ಕಾರ್ಡಿದ್ದರೂ ಒಂದೇ. ಸರ್ಕಾರಿ ಆಸ್ಪತ್ರೆಗಳನ್ನು ಸೊರಗಿಸಿ ಖಾಸಗಿಯವರಿಗೆ ಬಿಲ್ಲು ಕಟ್ಟುತ್ತಾ ಹೋದರೂ ಬೊಕ್ಕಸ ಉಳಿಯದು.

ಇಎಸ್‌ಐ ಮಿತಿ ಕೇಂದ್ರದ ಕೈಯಲ್ಲಿದೆ ಎಂದು ಬಲ್ಲೆ. ಅದನ್ನು ಏರಿಸಲು, ಮಿತಿ ದಾಟಿದವರು ಪೂರ್ತಿ ವಂತಿಗೆ ಕಟ್ಟಿ ಮುಂದುವರಿಯಲು ಅವಕಾಶ ಕೇಳಿ ರಾಜ್ಯದಿಂದ ಪತ್ರ ಬರೆಯಿರಿ. ಆರೋಗ್ಯ ಕರ್ನಾಟಕ ತಮ್ಮ ಕೈಯಲ್ಲೇ ಇದೆ. ಎಪಿಎಲ್ ಕುಟುಂಬಗಳಿಂದ ಆದಾಯಕ್ಕೆ ತಕ್ಕ ವಂತಿಗೆ ಪಡೆದು ಬಿಪಿಎಲ್‌ನವರಿಗಿರುವ 5 ಲಕ್ಷದ ರಕ್ಷಣೆಯನ್ನೇ ಕೊಡಿ. ಬಿಪಿ, ಸಕ್ಕರೆ, ಹೃದಯದ ಮಾತ್ರೆಗಳನ್ನೂ ಅದರಲ್ಲಿ ಸೇರಿಸಿ. ಮುಂದಿನ ಬಜೆಟ್ಟಿನಲ್ಲಿ ಒಂದು ಜಿಲ್ಲೆಯಲ್ಲಾದರೂ ಆರಂಭಿಸಿ. ವಂತಿಗೆ ಎಷ್ಟೆಂದು ಹೇಳಿ, ನಾವು ಕಟ್ಟುತ್ತೇವೆ.

ಇಂತಿ,
ಎಪಿಎಲ್ ಕಾರ್ಡಿನ ಒಬ್ಬ ಗೃಹಿಣಿ, ಗುಮಾಸ್ತೆ
ಬೆಂಗಳೂರು