ತವರಿನ ಸೂಜಿ, ಗಂಡನ ಮನಿ ಸೂಜಿ

ಹಡದಾಕಿ ತವರಮನ್ಯಾಗ ಇರೋತನ ಕೂಸಿನ ಸೂಜಿ ಸಹಸಾ ತಪ್ಪಂಗಿಲ್ಲ ನೋಡ್ರಿ. ಒಂದೂವರಿ, ಎರಡೂವರಿ, ಮೂರೂವರಿ ತಿಂಗಳಿಗಿ ಅವ್ವನೇ ಕೂಸಿಗಿ ಸೆರಗಿನಾಗ ಸುತ್ಕೊಂಡು ಅಂಗನವಾಡಿಗಿ ಒಯ್ತಾಳ. ತಪ್ಪೋದು ಆಮ್ಯಾಲ. ಐದನೇ ತಿಂಗಳಿಗಿ ತೊಟ್ಟಿಲ, ಕುಬಸ, ಬೆಳ್ಳಿ ಉಡದಾರ ಎಲ್ಲಾ ಎಣಿಸಿ ಕಳಸ್ತಾರ. ತಾಯಿ ಕಾರ್ಡ್ ಮಾತ್ರ ತವರಿನ ಟ್ರಂಕಿನಾಗೇ ಉಳಿತದ. ಚಿತ್ತಾಪುರದ ಆಶಾ "ಕೂಸು ಶಹಾಬಾದಕ್ಕ ಹೋಯ್ತು" ಅಂತಾಳ. ಶಹಾಬಾದದ ಆಶಾಗ ಕೂಸು ಬಂದಿದ್ದೇ ಗೊತ್ತಿರಂಗಿಲ್ಲ.

ಆದ್ರ ಮುಂದಿನ ಸೂಜಿ ಎಲ್ಲಾ ಗಂಡನ ಮನಿವೇ. 9 ತಿಂಗಳ ತುಂಬಿದ ಮ್ಯಾಲ ದಡಾರ-ರುಬೆಲ್ಲಾದ ಮೊದಲನೇದು. 16ರಿಂದ 24 ತಿಂಗಳದಾಗ ಅದರ ಎರಡನೇದು, ಅದರ ಸಂಗಡ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುದ ಬೂಸ್ಟರ್. 5 ವರ್ಷ ದಾಟಿದ ಮ್ಯಾಲ ಮತ್ತೊಂದು ಬೂಸ್ಟರ್. 10 ಮತ್ತ 16 ವರ್ಷಕ್ಕೂ ಅದಾವ.

"ಒಂದು ಆಗ್ಯಾದಲ್ಲ, ಸಾಕು ಬಿಡು" ಅಂತಾರ. ಸಾಕಾಗಂಗಿಲ್ಲ. 9 ತಿಂಗಳಿಗಿ ಹಾಕಿದ ದಡಾರದ ಸೂಜಿ 100 ಕೂಸಿನಾಗ ಸುಮಾರು 85ಕ್ಕಷ್ಟೇ ಹತ್ತತದ. ಉಳಿದವಕ್ಕ ಎರಡನೇದೇ ಗತಿ. ಗಂಟಲಮಾರಿದು ಬ್ಯಾರೆ ಲೆಕ್ಕ: ಸಣ್ಣಂದಿನ ಸೂಜಿ ಶಕ್ತಿ ವರ್ಷ ಹೋದಂಗ ಇಳಿತದ. ಬೂಸ್ಟರ್ ಇಲ್ಲಂದ್ರ ಸಾಲಿಗಿ ಹೋಗೋ ಹುಡುಗುರಿಗೂ ಗಂಟು ಬೀಳ್ತದ.

ಗೊಬ್ಬರ ಎದ್ದಾಗ ನಾವು ಬೇವಿನ ತಪ್ಪಲ ಕಟ್ಟತೀವಿ, "ತಾಯಿ ಬಂದಾಳ" ಅಂತೀವಿ. ಕಟ್ಟರಿ, ನಾ ಬ್ಯಾಡನ್ನಂಗಿಲ್ಲ. ಆದ್ರ ಗುಳ್ಳಿ ಕಾಣೋದ್ಕಿಂತ 4 ದಿನ ಮೊದಲೇ ಅದು ಹಬ್ಬಲಿಕತ್ತಿರ್ತದ. ಕೂಸು ಕೆಮ್ಮಿ ಹೋದ ಕ್ವಾಣ್ಯಾಗ ಎರಡು ತಾಸಿನತನ ಗಾಳ್ಯಾಗ ಇರ್ತದ. ಸೂಜಿ ಇಲ್ಲದ ಊರಾಗ ಒಂದು ಕೂಸಿನಿಂದ 12ರಿಂದ 18 ಮಂದಿಗಿ ಹೋಗ್ತದ. ಬಾಗಲ ಮುಚ್ಚಿದ್ರ ನಿಲ್ಲಂಗಿಲ್ಲ. 100ರಾಗ 95 ಮಕ್ಕಳಿಗಿ ಎರಡೂ ಸೂಜಿ ಆಗಿದ್ರ ನಿಲ್ತದ. ಬಂದೇ ಬಿಟ್ರ ತಪ್ಪಲ ಕಟ್ಟಿ ಕೂಡಬ್ಯಾಡ್ರಿ, ದವಾಖಾನಿಗಿ ಒಯ್ರಿ. ವಿಟಮಿನ್ ಎ ಕೊಡ್ತಾರ, ನ್ಯುಮೋನಿಯಾ ಆಗ್ಯಾದೇನು ನೋಡ್ತಾರ. ಜೀವ ತೆಗೆಯೋದು ಹೆಚ್ಚಾಗಿ ಅದೇ.

2014ರ ಡಿಸೆಂಬರದಾಗ ಮಿಷನ್ ಇಂದ್ರಧನುಷ್ ಶುರುವಾದಾಗ ಸೂಜಿ ತಪ್ಪಿದ ಮಕ್ಕಳು ಭಾಳ ಇರೋ 201 ಜಿಲ್ಲಾ ಆರಿಸಿದ್ರು. ಅದರಾಗ ನಮ್ಮ ಕಲಬುರಗಿನೂ ಇತ್ತು. ಚಿಂಚೋಳಿ ತಾಂಡಾದಾಗಿಂದ, ಸೇಡಂ ಹಳ್ಳಿಗೋಳಿಂದ ಮುಂಬೈ, ಪುಣೆ, ಹೈದರಾಬಾದಕ್ಕ ದುಡಿಲಿಕ್ಕ ಹೋದವರ ಮಕ್ಕಳದ್ದೂ ಇದೇ ಕಥಿ. ಅವರಿಗಿ ಹೇಳ್ರಿ: ಯಾವ ಊರಿನ ಸರ್ಕಾರಿ ದವಾಖಾನ್ಯಾಗಾದ್ರೂ ಪುಕಟ ಹಾಕ್ತಾರ. ತಡ ಆಗಿದ್ರೂ ನಡಿತದ, ಮೊದಲಿಂದ ಶುರು ಮಾಡಬೇಕಂತಿಲ್ಲ, ಬಿಟ್ಟಲ್ಲಿಂದ ಮುಂದ. ಒಂದೆರಡು ದಿನ ಮೈ ಬಿಸಿ ಆಗಬಹುದು, ಅದು ಇಳಿತದ.

ಸೂಜಿ ತಪ್ಪಿದ್ರ ಎಲ್ಲಾರೂ ಸೊಸಿಗಿ ಅಂತಾರ. ಹೊಸ ಮನಿ, ಹೊಲದ ಕೆಲಸ, ಕೈಯಾಗ ರೊಕ್ಕಿಲ್ಲ, ಕೇಳದೇ ಹೊರಗ ಹೋಗಂಗಿಲ್ಲ. ಆಕಿಗಿ ಅಂದು ಏನು ಬಂತು? ಕಳಿಸೋ ಅವ್ವ ಉಡದಾರಕ್ಕಿಂತ ಮೊದಲು ಕಾರ್ಡ್ ಚೀಲದಾಗ ಇಡಬೇಕು. ಅತ್ತಿ ಅದನ್ನ ಕೇಳಿ ಇಸ್ಕೊಂಡು ಆಶಾಗ ತೋರಸಬೇಕು. ಗುರುವಾರ ಒಂದು ದಿನ ಆಕಿ ಕೂಲಿ ಬಿಡಸಿ ಕಳಸಬೇಕು. ಇಲ್ಲಂದ್ರ ಅಪ್ಪನೇ ಎತ್ಕೊಂಡು ಹೋಗ್ಲಿ, ಕೂಸು ಅವಂದೂ ಹೌದಲ್ಲ. ನಿಮ್ಮ ಓಣಿಗಿ ಕೂಸಿನ ಸಂಗಡ ಯಾರರೆ ಹೊಸದಾಗಿ ಬಂದಾರೇನು? ಚಹಾ ಕುಡ್ಯಾಕ ಕರದು, ಕಾರ್ಡ್ ಎಲ್ಲದ ಅಂತ ಕೇಳ್ರಿ.