ಪರಂಗಿಮಲೈಯಲ್ಲಿ ಕೊಟ್ಟ ಮಾತು

1769ರ ಮದ್ರಾಸ್ ಒಪ್ಪಂದ ನಮ್ಮ ಪಠ್ಯಪುಸ್ತಕಗಳಲ್ಲಿ ಎರಡು ಸಾಲಿಗೆ ಮುಗಿಯುತ್ತದೆ. ಹೈದರಾಲಿ ಮದ್ರಾಸಿನ ಬಾಗಿಲಿಗೆ ಬಂದ, ಇಂಗ್ಲಿಷರು ಹೆದರಿ ಸಹಿ ಹಾಕಿದರು, ಮೈಸೂರು ಗೆದ್ದಿತು. ನಾನು ಹುಟ್ಟಿದ್ದು ಪಾಂಡವಪುರ ತಾಲ್ಲೂಕಿನಲ್ಲಿ. ಮದುವೆಯಾಗಿ ಬಂದ ಮೇಲಿನ ಬದುಕೆಲ್ಲ ಚೆನ್ನೈನ ಆದಂಬಾಕ್ಕಂನಲ್ಲಿ, ಆ ಒಪ್ಪಂದದ ಮಾತುಕತೆ ನಡೆದ ಪರಂಗಿಮಲೈ ಬೆಟ್ಟದ ಮಗ್ಗುಲಲ್ಲೇ ಕಳೆದಿದೆ. ಎರಡೂ ನೆಲದ ಋಣ ಇರುವವಳಾಗಿ ಹೇಳುತ್ತೇನೆ, ಈ ಗೆಲುವಿನ ಕಥೆ ಅರ್ಧ ಕಥೆ. ಮಿಕ್ಕ ಅರ್ಧ ನಡೆದದ್ದು ನನ್ನ ತವರಿನ ಚಿನಕುರಳಿಯಲ್ಲಿ.

ಕರ್ನಲ್ ಜೋಸೆಫ್ ಸ್ಮಿತ್‌ನ ಸೈನ್ಯವನ್ನು ದೂರಕ್ಕೆ ಸೆಳೆದ ಹೈದರಾಲಿ, ಸುಮಾರು ಆರು ಸಾವಿರ ಕುದುರೆ ಸವಾರರೊಂದಿಗೆ 130 ಮೈಲಿಯನ್ನು ಮೂರೂವರೆ ದಿನದಲ್ಲಿ ದಾಟಿ ಈ ಬೆಟ್ಟದ ಬಳಿ ಬಂದಿಳಿದ. ಮದ್ರಾಸಿನ ಕೋಟೆಯ ಹೊರಗಿನ ಪೇಟೆಯೂ ಸಾಹೇಬರ ತೋಟದ ಮನೆಗಳೂ ಅವನ ಕೈಯಳತೆಯಲ್ಲಿದ್ದವು. ಅವನು ಸುಲಿಗೆಗೆ ಇಳಿಯಲಿಲ್ಲ. ಮಾತುಕತೆಗೆ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಕೌನ್ಸಿಲಿನ ಸದಸ್ಯ ಜೋಸಯಾಸ್ ಡುಪ್ರೆಯನ್ನೇ ಕಳಿಸಿ ಎಂದು ಕೇಳಿದ. ಕರೂರು ಸೀಮೆಯೊಂದನ್ನು ಬಿಟ್ಟು ಗೆದ್ದ ನೆಲವನ್ನೆಲ್ಲ ಪರಸ್ಪರ ಹಿಂದಿರುಗಿಸಲು ಒಪ್ಪಿದ. ಅವನಿಗೆ ಬೇಕಾಗಿದ್ದದ್ದು ನೆಲವಲ್ಲ, ಎರಡನೆಯ ಕಲಮು: ಇಬ್ಬರಲ್ಲಿ ಯಾರ ಮೇಲೆ ಬೇರೆಯವರು ದಂಡೆತ್ತಿ ಬಂದರೂ ಇನ್ನೊಬ್ಬರು ಸೈನ್ಯ ಕಳಿಸಿ ಶತ್ರುವನ್ನು ಹೊರಗಟ್ಟಬೇಕು. ಹಾಗೆ ಬಂದ ಕುದುರೆ ಸವಾರನಿಗೆ ತಿಂಗಳಿಗೆ 15 ರೂಪಾಯಿ, ಸಿಪಾಯಿಗೆ ಏಳೂವರೆ ರೂಪಾಯಿ. ಸಂಬಳದ ತನಕ ಬರೆಸಿಕೊಂಡಿದ್ದಾನೆಂದರೆ, ಆ ಸಹಾಯ ಬಂದೇ ಬರುತ್ತದೆಂದು ಅವನು ನಂಬಿದ್ದ. 1764ರಲ್ಲೇ ರಟ್ಟಿಹಳ್ಳಿಯಲ್ಲಿ ಪೇಷ್ವೆ ಮಾಧವರಾವ್‌ನಿಂದ ಪೆಟ್ಟು ತಿಂದವನು ಅವನು. ಮರಾಠರು ಮತ್ತೆ ಬರುತ್ತಾರೆಂಬುದು ಅವನಿಗೆ ಖಚಿತವಿತ್ತು.

ಬಂದೇ ಬಂದರು, ಮರುವರ್ಷವೇ. ಹೈದರಾಲಿ ಮದ್ರಾಸಿಗೆ ಮತ್ತೆ ಮತ್ತೆ ಹೇಳಿಕಳಿಸಿದ. ಆಗ ಸೇಂಟ್ ಜಾರ್ಜ್ ಕೋಟೆಯಲ್ಲಿ ಗವರ್ನರ್ ಆಗಿ ಕೂತಿದ್ದವನು ಯಾರು? ಬೆಟ್ಟದ ಬಳಿ ಮಾತು ಕೊಟ್ಟುಬಂದಿದ್ದ ಅದೇ ಡುಪ್ರೆ. ಆರ್ಕಾಟಿನ ನವಾಬ ಮಹಮದಾಲಿಗೆ ಹೈದರನ ನೆರಳೂ ಆಗುತ್ತಿರಲಿಲ್ಲ. ಇಂಗ್ಲೆಂಡಿನ ದೊರೆಯ ಪ್ರತಿನಿಧಿಯಾಗಿ ಬಂದಿದ್ದ ಸರ್ ಜಾನ್ ಲಿಂಡ್ಸೆಯ ಒಲವು ಮರಾಠರ ಕಡೆಗಿತ್ತು. ಕೌನ್ಸಿಲು ಯಾವ ಕಡೆಗೂ ಸೇರದೆ ಕೂತಿತು. ಒಬ್ಬ ಸಿಪಾಯಿಯೂ ಬರಲಿಲ್ಲ. 1771ರ ಮಾರ್ಚಿನಲ್ಲಿ ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಹಿಂದೆ ಸರಿಯುತ್ತಿದ್ದ ಮೈಸೂರಿನ ಸೈನ್ಯವನ್ನು ಮರಾಠ ಸೇನಾನಿ ತ್ರಿಂಬಕರಾವ್‌ನ ದಂಡು ಚಿನಕುರಳಿಯ ಹತ್ತಿರ ಚೆಲ್ಲಾಪಿಲ್ಲಿ ಮಾಡಿತು. ಮೇಲುಕೋಟೆ ಲೂಟಿಯಾಯಿತು.

ಮರಾಠರಿಗೆ ಕೊಡಬೇಕಾದ ಹಣವನ್ನು ಹೈದರನೇ ತಡೆಹಿಡಿದಿದ್ದ, ಜಗಳ ಅವನೇ ಎಳೆದುಕೊಂಡದ್ದು ಎಂಬ ವಾದವಿದೆ. ಹಣ ತಡೆದದ್ದು ನಿಜ. ಆದರೆ ತಪ್ಪು ಯಾರದೆಂದು ವಿಚಾರಿಸಿ ಆಮೇಲೆ ಬರುತ್ತೇವೆ ಎಂದು ಡುಪ್ರೆ ಬರೆದುಕೊಟ್ಟಿರಲಿಲ್ಲ. ಕಂಪನಿಯದು ವಚನಭಂಗ. ಅದನ್ನು ಬೇರೆ ಹೆಸರಿನಿಂದ ಕರೆಯಲು ನಾನು ಸಿದ್ಧಳಿಲ್ಲ.

ಇಂದು ದೇಶದೇಶಗಳ ರಕ್ಷಣಾ ಒಪ್ಪಂದಗಳ ಸುದ್ದಿ ಬಂದಾಗಲೆಲ್ಲ ಈ ಕಲಮು ನೆನಪಾಗುತ್ತದೆ. 1951ರಲ್ಲಿ ಅಮೆರಿಕ ಫಿಲಿಪೈನ್ಸ್‌ಗೆ ಕೊಟ್ಟ ಭರವಸೆಯಲ್ಲಿ, ತಂತಮ್ಮ ಸಂವಿಧಾನದ ಕ್ರಮದಂತೆ ನಡೆಯುತ್ತೇವೆ ಎಂಬ ಷರತ್ತಿದೆ. 1971ರ ಆಗಸ್ಟಿನಲ್ಲಿ ನಾವು ಸೋವಿಯತ್ ಒಕ್ಕೂಟದ ಜೊತೆ ಮಾಡಿಕೊಂಡ ಒಪ್ಪಂದದ ಒಂಬತ್ತನೆಯ ಕಲಮು, ದಾಳಿಯಾದರೆ ಕೂಡಲೇ ಸಮಾಲೋಚನೆ ನಡೆಸುವ ಮಾತಾಡುತ್ತಿತ್ತು, ಸೈನ್ಯ ಕಳಿಸುವ ಮಾತಲ್ಲ. ಅಕ್ಷರ ನೋಡಿದರೆ ಹೈದರನ ಕೈಯಲ್ಲಿದ್ದ ಕಾಗದವೇ ಗಟ್ಟಿ. ಆದರೆ 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದೊಂದಿಗೆ ನಡೆದ ಯುದ್ಧದಲ್ಲಿ ಮಾಸ್ಕೊ ಭದ್ರತಾ ಮಂಡಳಿಯಲ್ಲಿ ನಮಗಾಗಿ ವೀಟೊ ಚಲಾಯಿಸಿತು. ಅದರ ಹಿತ ನಮ್ಮ ಹಿತದೊಂದಿಗೆ ಹೆಣೆದುಕೊಂಡಿತ್ತು. ಮದ್ರಾಸ್ ಕೌನ್ಸಿಲಿಗೆ ಅಂಥ ಹಿತ ಏನಿತ್ತು? ಹೈದರ ಬೆಟ್ಟದಿಂದ ಹೊರಟು ಹೋದರೆ ಸಾಕಾಗಿತ್ತು, ಹೋದ. ಆ ಮಾತಿಗೆ ಒತ್ತೆಯಾಗಿ ಏನನ್ನೂ ಇಟ್ಟುಕೊಳ್ಳದೆ ಅವನು ಹಿಂದಿರುಗಿದ್ದು ನನ್ನನ್ನು ಇವತ್ತಿಗೂ ಕಾಡುತ್ತದೆ.

1780ರಲ್ಲಿ ಅವನು ಮತ್ತೆ ಬಂದಾಗ ಒಪ್ಪಂದ ಕೇಳಲು ಬರಲಿಲ್ಲ. ಹಿಂದೆ ತನ್ನನ್ನು ಸೋಲಿಸಿದ ಮರಾಠರನ್ನೇ ಮಿತ್ರರನ್ನಾಗಿ ಮಾಡಿಕೊಂಡು, ದೊಡ್ಡ ಸೈನ್ಯದೊಂದಿಗೆ ಘಟ್ಟ ಇಳಿದ. ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಕರ್ನಲ್ ಬೇಲಿಯ ಪಡೆ ನಾಶವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯಲ್ಲಿ ಆ ಯುದ್ಧದ ಚಿತ್ರ ನೋಡುವ ಮಕ್ಕಳಿಗೆ, ಅದರ ಹಿಂದೆ ಮುರಿದ ಮಾತೊಂದು ಇತ್ತೆಂದು ಯಾರಾದರೂ ಹೇಳಬೇಕು. ಕರ್ನಾಟಕದ ಪಠ್ಯಪುಸ್ತಕ ಸಮಿತಿಯವರು ಮದ್ರಾಸ್ ಒಪ್ಪಂದದ ಎರಡನೆಯ ಕಲಮನ್ನು ಪೂರ್ತಿಯಾಗಿ ಅಚ್ಚು ಹಾಕಿಸಲಿ, ಅದೇ ಪುಟದಲ್ಲಿ ಚಿನಕುರಳಿಯ ಹೆಸರೂ ಇರಲಿ. ಪರಂಗಿಮಲೈಯ ಬುಡದಲ್ಲಿ ತಮಿಳು, ಕನ್ನಡ ಎರಡರಲ್ಲೂ ಒಂದು ಫಲಕ ನಿಲ್ಲಿಸಲು ಎರಡೂ ಸರ್ಕಾರಗಳು ಮನಸ್ಸು ಮಾಡಲಿ. ಅದರಲ್ಲಿ 1769 ಮಾತ್ರವಲ್ಲ, 1771 ಎಂದೂ ಬರೆಸಲಿ.